ಸ್ವಲ್ಪ ಓರೆ ಅಂದರೆ ಎಷ್ಟು?

— ನನ್ನ ಮುಂದೆ ಕಂಪ್ಯೂಟರಿನ ಹೊಗಳಿಕೆ ಬೇಡ ಕಣಮ್ಮ. ಬಸ್‌ಸ್ಟ್ಯಾಂಡಿನಿಂದ ಮಾರ್ಕೆಟ್ಟಿನವರೆಗೆ ನಾನು ಬರೆದಿದ್ದ ಬೋರ್ಡುಗಳನ್ನ ಒಂದೊಂದಾಗಿ ಕೆಳಗಿಳಿಸಿದ್ದು ಅದೇ. ಫ್ಲೆಕ್ಸ್ ಬಂತು, ಬೆಳಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಕೈಗೆ. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅಂತಿದ್ದೆ. ಜಾಗ ತುಂಬಲಿಲ್ಲ ಅಂತ ಅಕ್ಷರಾನ ಪಕ್ಕಕ್ಕೆ ಜಗ್ಗಿಬಿಡ್ತಾರೆ ನೋಡು, ಅದು ತಡೆಯೋಕಾಗಲ್ಲ. ನೆಟ್ಟಗಿನ ಗೀಟು ದಪ್ಪ ಆಗುತ್ತೆ, ಅಡ್ಡಗೀಟು ಹಾಗೇ ಸಣ್ಣಗೆ ಉಳಿಯುತ್ತೆ. ‘ಠ’ದ ದುಂಡೇ ಹೊರಟುಹೋಗುತ್ತೆ. ಅದನ್ನ ಕಲೆ ಅಂತೀಯಾ?

— ಅದನ್ನ ನಾನೂ ಕಲೆ ಅನ್ನಲ್ಲ ಮಾವ. ಫ್ಲೆಕ್ಸ್ ಅಂಗಡೀಲಿ ಕಂಪ್ಯೂಟರ್ ಮಾಡ್ತಿರೋದು ಅಚ್ಚಿನ ಕೆಲಸ. ಕೋರೆಲ್ ಡ್ರಾ ತೆಗೆದು, ಹೆಸರು ಟೈಪ್ ಮಾಡಿ, ಎಲ್ಲಿಂದಲೋ ಇಳಿಸಿಕೊಂಡ ಹೂವನ್ನ ಮೂಲೆಗೆ ಅಂಟಿಸಿ ಪ್ರಿಂಟ್ ಕೊಟ್ಟರೆ ಮುಗೀತು. ನಾನು ಹೇಳೋಕೆ ಹೊರಟ ಜನ ಬೇರೆ. ಅವರು ಶುರು ಮಾಡಿದಾಗ ಫ್ಲೆಕ್ಸ್ ಇರಲಿ, ಅವರ ಕಂಪ್ಯೂಟರಿಗೆ ಚಿತ್ರ ತೋರಿಸೋ ಪರದೆಯೇ ಇರಲಿಲ್ಲ.

— ಪರದೆ ಇಲ್ಲದೆ ಚಿತ್ರ ಎಲ್ಲಿ ಮೂಡ್ತಿತ್ತು, ಗೋಡೆ ಮೇಲಾ?

— ಕಾಗದದ ಮೇಲೆ. ಜರ್ಮನಿಯ ಎರ್ಲಾಂಗೆನ್ ಅನ್ನೋ ಊರಲ್ಲಿ ಸೀಮೆನ್ಸ್ ಕಂಪನಿ ಇತ್ತು. ಅಲ್ಲಿ ಗೆಯೋರ್ಗ್ ನೇಸ್ ಅನ್ನೋ ಗಣಿತಜ್ಞ ಕೆಲಸಕ್ಕಿದ್ದ. ಕಂಪನಿ ಒಂದು ನಕ್ಷೆ ಬರೆಯೋ ಮೇಜು ತರಿಸಿತ್ತು, ಝೂಸ್ ಗ್ರಾಫೊಮ್ಯಾಟ್ ಅಂತ ಅದರ ಹೆಸರು. ಎಂಜಿನಿಯರುಗಳ ನಕ್ಷೆಗೆ ಅಂತ ಮಾಡಿದ್ದು. ಮೇಜಿನ ಮೇಲೆ ಕಾಗದ, ಅದರ ಮೇಲೆ ಓಡಾಡೋ ಒಂದು ಶಾಯಿ ಪೆನ್ನು. ಪೆನ್ನು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವಾಗ ಏಳಬೇಕು, ಯಾವಾಗ ಇಳೀಬೇಕು ಅನ್ನೋದನ್ನ ತೂತು ಹೊಡೆದ ಕಾಗದದ ಪಟ್ಟಿ ಹೇಳ್ತಿತ್ತು. ಆ ಪಟ್ಟೀನ ಕಂಪ್ಯೂಟರ್ ತಯಾರು ಮಾಡ್ತಿತ್ತು. ನೇಸ್ ಅದಕ್ಕೆ ಎಂಜಿನಿಯರಿಂಗ್ ನಕ್ಷೆ ಬಿಟ್ಟು ಬೇರೆ ಏನೋ ಬರೆಯೋಕೆ ಹೇಳಿದ. ಆ ಚಿತ್ರಗಳನ್ನ 1965ರ ಫೆಬ್ರವರೀಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗೋಡೆಗೆ ಹಾಕಿದರು. ಕಂಪ್ಯೂಟರ್ ಬರೆದ ಚಿತ್ರಗಳ ಪ್ರದರ್ಶನ ಅಂತ ನಡೆದದ್ದರಲ್ಲಿ ಅದೇ ಮೊದಲನೇದು. ಕರೆದಿದ್ದವನು ಮ್ಯಾಕ್ಸ್ ಬೆನ್ಸೆ, ತತ್ವಶಾಸ್ತ್ರದ ಪ್ರೊಫೆಸರು.

— ಬಂದ ಕಲಾವಿದರು ಏನಂದರು?

— ಸಿಟ್ಟಾದರು. ಒಬ್ಬರು ಎದ್ದು, ನಿಮ್ಮ ಯಂತ್ರ ನನ್ನ ಕೈಯ ಗೀಟು ಎಳೆಯುತ್ತಾ, ನನ್ನ ಬರವಣಿಗೆಯ ಓಘ ಅದಕ್ಕೆ ಬರುತ್ತಾ ಅಂತ ಕೇಳಿದರಂತೆ. ನೇಸ್ ಸ್ವಲ್ಪ ಯೋಚನೆ ಮಾಡಿ, ಬರುತ್ತೆ, ಆದರೆ ಆ ಓಘ ಅಂದರೆ ಏನು ಅಂತ ನೀವು ನನಗೆ ಬಿಡಿಸಿ ಹೇಳಬೇಕು ಅಂದನಂತೆ. ಅವರು ಇನ್ನೂ ಕೆರಳಿದರು. ಕೆಲವರು ಎದ್ದು ಹೊರಟರು. ಪಾಪ, ಬೆನ್ಸೆ ಅವರನ್ನ ಸಮಾಧಾನ ಮಾಡೋಕೆ, ಇದು ನಿಮ್ಮ ಕಲೆ ಅಲ್ಲ ಸ್ವಾಮಿ, ಕೃತಕ ಕಲೆ, ಅದೇ ಬೇರೆ ಇದೇ ಬೇರೆ ಅಂತ ಹೊಸ ಹೆಸರನ್ನೇ ಕಟ್ಟಬೇಕಾಯ್ತು.

— ಎದ್ದು ಹೋದವರದು ತಪ್ಪಿಲ್ಲ. ಕೈಯಲ್ಲಿರೋದನ್ನ ಬಾಯಲ್ಲಿ ಹೇಳು ಅಂದರೆ ಯಾರಿಗೆ ಸಿಟ್ಟು ಬರಲ್ಲ? ನಾನು ‘ಶ್ರೀ’ ಬರೆಯೋವಾಗ ಬ್ರಷ್ ಎಲ್ಲಿ ತಿರುಗಿಸ್ತೀನಿ ಅಂತ ಕೇಳಿದರೆ ನನಗೇ ಗೊತ್ತಿಲ್ಲ. ನನ್ನ ಗುರುಗಳೂ ಹೇಳಿಕೊಡಲಿಲ್ಲ. ವರ್ಷಗಟ್ಟಲೆ ಹಿನ್ನೆಲೆ ಬಣ್ಣ ಬಳಿಯೋಕೆ ಹಚ್ಚಿದರು, ಒಂದು ದಿನ ಬ್ರಷ್ ಕೊಟ್ಟರು, ಅಷ್ಟೇ.

— ಆದರೆ ಹೇಳೋಕಾಗೋ ಭಾಗವೂ ಇದೆಯಲ್ಲ ಮಾವ? ನೀವು ಗೋಡೆ ಮೇಲೆ ದೊಡ್ಡ ಚಿತ್ರ ಬರೆಯೋವಾಗ ಏನು ಮಾಡ್ತಿದ್ದಿರಿ?

— ಫೋಟೋ ಮೇಲೆ ಚೌಕ ಹಾಕ್ತಿದ್ದೆ, ಗೋಡೆ ಮೇಲೆ ಅಷ್ಟೇ ಚೌಕ ದೊಡ್ಡದಾಗಿ. ದಾರಕ್ಕೆ ಸೀಮೆಸುಣ್ಣದ ಪುಡಿ ಬಳಿದು, ಎರಡೂ ತುದಿ ಎಳೆದು ಹಿಡಿದು ನಡುವೆ ಮೀಟಿದರೆ ನೇರವಾದ ಗೀಟು. ಆಮೇಲೆ ಮೂರನೇ ಚೌಕದಲ್ಲಿ ಮೂಗು ಎಲ್ಲಿ ದಾಟುತ್ತೋ ಗೋಡೆ ಮೇಲೂ ಅದೇ ಮೂರನೇ ಚೌಕದಲ್ಲಿ ಅಲ್ಲೇ ದಾಟಬೇಕು. ಅದನ್ನ ಯಾವ ಹುಡುಗನಾದರೂ ಮಾಡ್ತಾನೆ.

— ಅಂದರೆ ಅದು ನಿಯಮ. ನಿಯಮ ಹೇಳಿಕೊಟ್ಟರೆ ಹುಡುಗನೂ ಮಾಡ್ತಾನೆ, ಯಂತ್ರವೂ ಮಾಡುತ್ತೆ.

— ಚೌಕಕ್ಕೆ ನಿಯಮ ಇದೆ. ಅಕ್ಷರದ ನಡುವಿನ ಜಾಗಕ್ಕಿಲ್ಲ. ಸ್ಕೇಲ್ ಇಟ್ಟು ಎಲ್ಲಾ ಕಡೆ ಒಂದೇ ಅಳತೆ ಬಿಟ್ಟು ನೋಡು, ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಅದು ಕಣ್ಣಳತೆ.

— ಸರಿ, ಆ ಕಣ್ಣಳತೆ ಹತ್ತಿರಕ್ಕೇ ಬರ್ತೀನಿ. ನೇಸ್‌ನ ಒಂದು ಚಿತ್ರ ಇದೆ, ‘ಷೋಟರ್’ ಅಂತ, ಜಲ್ಲಿಕಲ್ಲು. 1960ರ ದಶಕದ ಕೊನೇದು. ಅಡ್ಡಕ್ಕೆ 12 ಚೌಕ, ಕೆಳಕ್ಕೆ 22 ಸಾಲು. ಮೇಲಿನ ಸಾಲು ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತಷ್ಟು ಶಿಸ್ತು. ಕೆಳಗೆ ಬರ್ತಾ ಬರ್ತಾ ಒಂದೊಂದು ಚೌಕ ತುಸು ವಾಲುತ್ತೆ, ತುಸು ಜರುಗುತ್ತೆ. ಕೊನೇ ಸಾಲುಗಳಲ್ಲಿ ಎಲ್ಲಾ ಒಂದರ ಮೇಲೊಂದು ಬಿದ್ದು ಚೆಲ್ಲಾಪಿಲ್ಲಿ. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಇಡೀ ಚಿತ್ರಕ್ಕೆ ಇರೋದು ಒಂದೇ ಮಾತು. ಪ್ರತಿ ಚೌಕವನ್ನ ಮನಸ್ಸಿಗೆ ಬಂದಷ್ಟು ತಿರುಗಿಸು, ಮನಸ್ಸಿಗೆ ಬಂದಷ್ಟು ಸರಿಸು, ಆದರೆ ಒಂದು ಎಲ್ಲೆಯ ಒಳಗೆ. ಒಂದೊಂದು ಸಾಲು ಇಳಿದ ಹಾಗೆ ಆ ಎಲ್ಲೆ ಅಗಲವಾಗುತ್ತಾ ಹೋಗಲಿ.

— ಯಂತ್ರಕ್ಕೆ ಮನಸ್ಸೆಲ್ಲಿಂದ ಬಂತು?

— ಮನಸ್ಸಲ್ಲ, ದಾಳ. ಅದೂ ಪೂರ್ತಿ ದಾಳ ಅಲ್ಲ. ಒಂದು ಸಂಖ್ಯೆ ಕೊಟ್ಟರೆ ಅದನ್ನ ಗುಣಿಸಿ ಭಾಗಿಸಿ ಇನ್ನೊಂದು, ಅದರಿಂದ ಮತ್ತೊಂದು, ಹೀಗೆ ಲೆಕ್ಕಾಚಾರದಿಂದಲೇ ಹುಟ್ಟೋ ಸಾಲು. ನೋಡೋರಿಗೆ ಮಾತ್ರ ಯಾವ ಕ್ರಮವೂ ಕಾಣಲ್ಲ. ಮೊದಲ ಸಂಖ್ಯೆ ಅದೇ ಕೊಟ್ಟರೆ ಅದೇ ಚಿತ್ರ ಮತ್ತೆ ಬರುತ್ತೆ, ಕೂದಲೆಳೆ ವ್ಯತ್ಯಾಸ ಇಲ್ಲದೆ.

— ಹಂಗಾದರೆ ಚಿತ್ರ ಬರೆದದ್ದು ದಾಳ. ನಿಮ್ಮ ನೇಸ್ ಬರೀ ಪಕ್ಕದಲ್ಲಿ ನಿಂತಿದ್ದ.

— ಅಮೆರಿಕದ ಕಾಪಿರೈಟ್ ಕಚೇರಿಯವರೂ ಇದನ್ನೇ ಅಂದಿದ್ದರು. ಬೆಲ್ ಲ್ಯಾಬ್ಸ್‌ನ ಮೈಕಲ್ ನೋಲ್ ಅನ್ನೋ ಎಂಜಿನಿಯರ್ ತನ್ನ ಚಿತ್ರವನ್ನ ನೋಂದಾಯಿಸೋಕೆ ಕಳಿಸಿದ. ಯಂತ್ರ ಮಾಡಿದ್ದಕ್ಕೆ ಹಕ್ಕು ಕೊಡೋಕಾಗಲ್ಲ ಅಂತ ಅಲ್ಲಿಯವರು ತಳ್ಳಿಹಾಕಿದರು. ಪ್ರೋಗ್ರಾಮ್ ಬರೆದವನು ಮನುಷ್ಯ ಅಂತ ವಿವರಿಸಿದ. ಅದರಲ್ಲಿ ದಾಳದ ಸಂಖ್ಯೆಗಳಿವೆಯಲ್ಲ ಅಂತ ಅವರ ತಕರಾರು. ಆ ಸಂಖ್ಯೆಗಳೂ ಲೆಕ್ಕದಿಂದಲೇ ಬರೋದು ಅಂತ ಮತ್ತೆ ವಿವರಿಸಿದ ಮೇಲೆ ಒಪ್ಪಿದರು.

— ಸರ್ಕಾರಿ ಕಚೇರಿ ಎಲ್ಲಿದ್ದರೂ ಒಂದೇ. ನಾನು ಕೇಳಿದ್ದಕ್ಕೆ ಅದು ಉತ್ತರ ಅಲ್ಲ.

— ಉತ್ತರ ಎಲ್ಲೆಯಲ್ಲಿದೆ ಮಾವ. ದಾಳ ಬಿದ್ದದ್ದು ನೇಸ್ ಹಾಕಿದ ಬೇಲಿಯ ಒಳಗೆ. ಆ ಬೇಲಿ ಮೊದಲ ಸಾಲಿನಲ್ಲೇ ಅಗಲವಾಗಿದ್ದರೆ ಚಿತ್ರ ಬರೀ ಕಸ. ಕೊನೆವರೆಗೂ ಬಿಗಿಯಾಗಿದ್ದರೆ ಬಾತ್‌ರೂಮಿನ ಟೈಲ್ಸು. ಎಲ್ಲಿಂದ ಸಡಿಲ ಬಿಡಬೇಕು, ಎಷ್ಟು ಬೇಗ ಬಿಡಬೇಕು ಅನ್ನೋದನ್ನ ಅವನು ತೀರ್ಮಾನ ಮಾಡಿದ. ನನಗೆ ಅದು ನಿಮ್ಮ ಕಣ್ಣಳತೆಯ ಜಾತಿಯದೇ ಅನ್ಸುತ್ತೆ. ಒಂದೇ ವ್ಯತ್ಯಾಸ. ಅವನು ಅದನ್ನ ಅಂಕೀಲಿ ಹೇಳಬೇಕಾಗಿತ್ತು.

— ಗಣಿತದವನು, ಹೇಳ್ತಾನೆ. ಚಿತ್ರ ಕಲಿತವರು ಯಾರಾದರೂ ಈ ಕಡೆ ಬಂದರಾ, ಇಲ್ಲ ಬರೀ ಎಂಜಿನಿಯರುಗಳೇನಾ?

— ಬಂದರು. ವೆರಾ ಮೊಲ್ನಾರ್ ಅಂತ. ಬುಡಾಪೆಸ್ಟಿನಲ್ಲಿ 1924ರಲ್ಲಿ ಹುಟ್ಟಿದವರು, ಚಿತ್ರಕಲೆ ಓದಿಕೊಂಡು 1947ರಲ್ಲಿ ಪ್ಯಾರಿಸಿಗೆ ಬಂದು ಅಲ್ಲೇ ನೆಲೆನಿಂತರು. ಚೌಕ, ಗೀಟು, ವೃತ್ತ, ಇಷ್ಟೇ ಅವರ ಸಾಮಾನು. ಕಂಪ್ಯೂಟರ್ ಕೈಗೆ ಸಿಗೋದಕ್ಕೆ ವರ್ಷಗಳ ಮುಂಚೆಯೇ ಅವರು ಕಂಪ್ಯೂಟರ್ ಇದೆ ಅಂದುಕೊಂಡು ಕೆಲಸ ಮಾಡ್ತಿದ್ದರು. ಒಂದು ನಿಯಮ ಬರೆದುಕೊಳ್ಳೋದು, ಆಮೇಲೆ ತಮ್ಮ ಕೈಯನ್ನೇ ಯಂತ್ರ ಮಾಡಿಕೊಂಡು ಆ ನಿಯಮದ ಒಂದೊಂದು ಸಾಧ್ಯತೆಯನ್ನೂ ಬಿಡದೆ ಎಳೆಯೋದು. ಕಾಲ್ಪನಿಕ ಯಂತ್ರ ಅಂತ ಕರೀತಿದ್ದರು.

— ಯಾವ ಕರ್ಮಕ್ಕೆ? ಕೈ ಇರೋವಾಗ ಇಷ್ಟ ಬಂದ ಹಾಗೆ ಎಳೀಬಹುದಲ್ಲ.

— ಇಷ್ಟ ಬಂದ ಹಾಗೆ ಎಳೆದರೆ ಕೈ ಅಭ್ಯಾಸ ಇರೋ ಕಡೆಗೇ ಹೋಗುತ್ತೆ. ಅದರಿಂದ ತಪ್ಪಿಸಿಕೊಳ್ಳೋಕೆ. ಕಣ್ಣಿಗೆ ಹೊಸದು ಕಾಣಬೇಕಾದರೆ ಕೈಯನ್ನ ಅದರ ರೂಢಿಯಿಂದ ಬಿಡಿಸಬೇಕು ಅನ್ನೋದು ಅವರ ನಂಬಿಕೆ. 1968ರಲ್ಲಿ ಪ್ಯಾರಿಸಿನ ಒಂದು ಸಂಶೋಧನಾ ಕೇಂದ್ರದಲ್ಲಿ ನಿಜವಾದ ಯಂತ್ರ ಸಿಕ್ಕಿತು. ಪ್ರೋಗ್ರಾಮಿಂಗ್ ಕಲಿತರು. ಆಗ ಅವರಿಗೆ ನಲವತ್ತು ದಾಟಿತ್ತು. ಕಾರ್ಡುಗಳಿಗೆ ತೂತು ಹೊಡೆಸಿ ಕೊಟ್ಟು ಕಾಯಬೇಕು, ಕಾಗದ ಬರೋವರೆಗೂ ಏನಾಗಿದೆ ಗೊತ್ತಿಲ್ಲ. ಕುರುಡಾಗಿ ಬರೆದ ಹಾಗೆ.

— ಬಂದದ್ದು ಚೆನ್ನಾಗಿಲ್ಲದಿದ್ದರೆ?

— ಅಂಕಿ ಬದಲಾಯಿಸಿ ಮತ್ತೆ. ಅವರ ‘(ಡೆಸ್)ಆರ್ಡ್ರ್’ ಅನ್ನೋ 1974ರ ಸರಣಿ ನೋಡಿ. ಒಂದರೊಳಗೊಂದು ಚೌಕ, ಮೂಲೆಗಳು ಮಾತ್ರ ಒಂಚೂರು ಅಲುಗಿವೆ. ಒಂದು ಹಾಳೇಲಿ ಕಡಿಮೆ, ಒಂದರಲ್ಲಿ ಜಾಸ್ತಿ. ನೂರಕ್ಕೆ ಒಂದು ಪಾಲು ಅವ್ಯವಸ್ಥೆ ಅನ್ನೋದು ಅವರು ಇಷ್ಟಪಟ್ಟು ಹೇಳ್ತಿದ್ದ ಮಾತು. ನನಗೆ ಈ ಒಂದು ಪಾಲು ಅನ್ನೋದೇ ತಲೆಗೆ ಹತ್ತಿಬಿಟ್ಟಿದೆ. ನಾನು ನಿಮ್ಮ ಹತ್ತಿರ ಬಂದು ಈ ಚೌಕ ಸ್ವಲ್ಪ ಓರೆ ಇರಲಿ ಅಂದರೆ ನೀವು ಬರೆದುಬಿಡ್ತೀರಿ. ಯಂತ್ರ ಬರೆಯಲ್ಲ. ಸ್ವಲ್ಪ ಅಂದರೆ ಎಷ್ಟು ಅಂತ ಕೇಳುತ್ತೆ. ಎರಡು ಡಿಗ್ರಿಯಾ, ಐದಾ? ಎಲ್ಲಾ ಚೌಕಕ್ಕೂ ಅಷ್ಟೇನಾ, ಇಲ್ಲ ಕೆಲವಕ್ಕಾ? ಕೆಲವು ಅಂದರೆ ಯಾವುವು? ಉತ್ತರ ಕೊಡಬೇಕಾದರೆ ನಾನು ನೋಡಬೇಕು, ಪಕ್ಕಪಕ್ಕ ಇಟ್ಟು ನೋಡಬೇಕು. ಎರಡಕ್ಕೂ ಮೂರಕ್ಕೂ ಇರೋ ಅಂತರ ನನ್ನ ಕಣ್ಣಿಗೆ ಗೊತ್ತಾಗೋದು ಆಗಲೇ.

— ಇದು ಮಾತ್ರ ನನಗೆ ಅರ್ಥವಾಗುತ್ತೆ. ಹೊಸ ಹುಡುಗರಿಗೆ ನಾನು ಬೈತಿದ್ದದ್ದೂ ಇದಕ್ಕೇ. ಬಣ್ಣಕ್ಕೆ ಎಷ್ಟು ಟರ್ಪೆಂಟೈನ್ ಹಾಕಿದೆಯೋ ಅಂದರೆ ಸ್ವಲ್ಪ ಸಾರ್ ಅನ್ನೋರು. ಸ್ವಲ್ಪ ಅಂತೆ! ಮಧ್ಯಾಹ್ನ ಬಿಸಿಲಿಗೆ ಒಂದು ಲೆಕ್ಕ, ಮೋಡ ಕವಿದರೆ ಒಂದು ಲೆಕ್ಕ. ಆದರೆ ಆ ಯಮ್ಮನ ಚೌಕಗಳಲ್ಲಿ ಏನಿದೆ ಹೇಳು? ನೋಡೋಕೆ ತಣ್ಣಗಿವೆ. ಒಂದು ಮುಖ ಇಲ್ಲ, ಮರ ಇಲ್ಲ.

— ಅವರ ಇನ್ನೊಂದು ಕೆಲಸ ಹೇಳ್ತೀನಿ, ಅದು ನಿಮ್ಮ ಕಸುಬಿಗೇ ಹತ್ತಿರ. ಅವರ ತಾಯಿ ವಾರಕ್ಕೊಂದು ಕಾಗದ ಬರೀತಿದ್ದರಂತೆ. ಅಮ್ಮನ ಅಕ್ಷರ ಸಾಲಿನ ಎಡಗಡೆ ಶುರುವಾಗೋವಾಗ ಹಳೇ ಕಾಲದ ಅಕ್ಷರದ ಥರ ಬಿಗಿಯಾಗಿ, ನೆಟ್ಟಗೆ. ಬಲಗಡೆಗೆ ಬರ್ತಾ ಬರ್ತಾ ಚಡಪಡಿಕೆ ಜಾಸ್ತಿಯಾಗಿ ಅಡ್ಡಾದಿಡ್ಡಿ. ವಯಸ್ಸಾಗ್ತಾ ಆ ಬಿಗಿ ಕಡಿಮೆಯಾಗಿ ಚಡಪಡಿಕೆಯೇ ಉಳೀತು, ಓದೋದೇ ಕಷ್ಟ ಆಯ್ತು. ಆದರೂ ಮಗಳಿಗೆ ಆ ಹಾಳೆ ನೋಡೋದೇ ಒಂದು ಖುಷಿ. ಒಂದು ದಿನ ಕಾಗದ ಬರೋದು ನಿಂತಿತು. ಆಮೇಲೆ 1981ರಿಂದ ಸುಮಾರು ಹತ್ತು ವರ್ಷ ಅವರು ಅಮ್ಮನ ಕಾಗದಗಳನ್ನ ಕಂಪ್ಯೂಟರಿನಲ್ಲಿ ತಾವೇ ತಮಗೆ ಬರೆದುಕೊಂಡರು. ಹಾಳೆ ತುಂಬ ಕೈಬರಹ, ಓದೋಕೆ ಒಂದಕ್ಷರವೂ ಇಲ್ಲ. ಬರೀ ಮೇಲೆ ಕೆಳಗೆ ಓಡೋ ಗೀಟು, ಎಡಕ್ಕೆ ಶಾಂತ, ಬಲಕ್ಕೆ ಗಾಬರಿ.

— ಅಕ್ಷರ ಇಲ್ಲದೆ ಕೈ ಗುರುತು ಸಿಗುತ್ತೆ ಅಂತೀಯ.

— ನಿಮಗೆ ಸಿಗಲ್ವಾ?

— ಸಿಗುತ್ತೆ. ದೂರದಿಂದ ಬೋರ್ಡು ನೋಡಿದರೆ ಸಾಕು, ಓದೋದಕ್ಕೆ ಮುಂಚೆ ಇದು ಯಾರ ಕೈ ಅಂತ ಹೇಳ್ತಿದ್ದೆವು ನಾವು. ನಮ್ಮ ಕಾಲದಲ್ಲಿ ಊರಿಗೆ ನಾಲ್ಕೈದು ಕೈ ಇದ್ದವು. ಹೂಂ. ಆ ಯಮ್ಮ ಆ ಗಾಬರೀನೂ ಅಂಕೀಲಿ ಹೇಳಿದರಾ?

— ಹೇಳಲೇಬೇಕಿತ್ತಲ್ಲ. ಸಾಲಿನ ಎಷ್ಟನೇ ಭಾಗಕ್ಕೆ ಗೀಟು ನಡುಗಬೇಕು, ಎಷ್ಟು ಎತ್ತರ ಹಾರಬೇಕು. ನೇಸ್ ಮೇಲಿಂದ ಕೆಳಕ್ಕೆ ಮಾಡಿದ್ದನ್ನ ಇವರು ಎಡದಿಂದ ಬಲಕ್ಕೆ ಮಾಡಿದರು ಅಂತ ಗಣಿತದವರು ಅನ್ನಬಹುದು. ಎರಡೂ ಒಂದೇ ಅಂತ ನೋಡಿದವರು ಯಾರೂ ಅನ್ನಲಾರರು. 2022ರ ವೆನಿಸ್ ಬಿಯೆನಾಲೆಯಲ್ಲಿ ಅವರ ಕೆಲಸ ಇಟ್ಟಿದ್ದರು. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು, ನೂರಕ್ಕೆ ಒಂದು ತಿಂಗಳಿತ್ತು.

— ದೊಡ್ಡ ಜೀವ. ಆದರೂ ನನ್ನದೊಂದು ತಕರಾರು ಇದ್ದೇ ಇದೆ. ಸಾಮಾನು ಅಂದರೆ ನಮಗೆ ಎದುರು ನಿಲ್ಲಬೇಕು. ಎನಾಮಲ್ ಸೋರುತ್ತೆ, ಗೋಡೆ ಒರಟು, ತಗಡು ಕಾಯುತ್ತೆ, ಏಣಿ ಅಲುಗುತ್ತೆ. ಇಷ್ಟರ ನಡುವೆ ಗೀಟು ನೇರ ಬರಬೇಕು. ನಿಮ್ಮ ಪರದೇಲಿ ತಪ್ಪು ಮಾಡಿದರೆ ಒಂದು ಕೀಲಿ ಒತ್ತಿ ಅಳಿಸಿಬಿಡ್ತೀರಿ. ಹೆದರಿಕೆ ಇಲ್ಲದ ಗೀಟಿಗೆ ಜೀವ ಎಲ್ಲಿ?

— ಪರದೆಯ ಮೇಲೆ ಕೈಯಿಂದ ಬರೆಯೋರ ಮಟ್ಟಿಗೆ ನೀವು ಹೇಳಿದ್ದರಲ್ಲಿ ಅರ್ಧ ಒಪ್ತೀನಿ. 1985ರಲ್ಲಿ ಆಂಡಿ ವಾರ್ಹಾಲ್‌ನನ್ನ ಕರೆದು ನ್ಯೂಯಾರ್ಕಿನಲ್ಲಿ ಅಮೀಗಾ ಕಂಪ್ಯೂಟರಿನ ಬಿಡುಗಡೆ ಮಾಡಿಸಿದರು. ಡೆಬಿ ಹ್ಯಾರಿ ಅನ್ನೋ ಹಾಡುಗಾರ್ತಿಯ ಫೋಟೋ ಪರದೆಗೆ ತಂದು ಕೂದಲಿಗೊಂದು ಬಣ್ಣ, ಮುಖಕ್ಕೊಂದು ಬಣ್ಣ ಸುರಿದ. ಜನ ಚಪ್ಪಾಳೆ ತಟ್ಟಿದರು. ಆ ಕಾಲದ ಅವನ ಇನ್ನೊಂದಷ್ಟು ಚಿತ್ರ ಫ್ಲಾಪಿಗಳಲ್ಲೇ ಸಿಕ್ಕಿಕೊಂಡಿದ್ದು 2014ರಲ್ಲಿ ಹೊರಬಂದವು. ನನಗೆ ಅವು ಹೊಸ ಆಟದ ಸಾಮಾನು ಸಿಕ್ಕವನ ಖುಷಿಯಾಗಿ ಕಾಣ್ತವೆ, ಅದಕ್ಕಿಂತ ಹೆಚ್ಚಿಗೆ ಇಲ್ಲ. ಡೇವಿಡ್ ಹಾಕ್ನಿ ಬೇರೆ. 2011ರಲ್ಲಿ ಯಾರ್ಕ್‌ಷೈರಿನ ವೋಲ್ಡ್‌ಗೇಟ್ ಅನ್ನೋ ಹಳ್ಳಿ ದಾರಿಗೆ ವಸಂತ ಬರೋದನ್ನ ದಿನದಿನ ನೋಡಿ ಐಪ್ಯಾಡಿನಲ್ಲಿ ಬರೆದ. ಎಪ್ಪತ್ತು ದಾಟಿದ್ದ ಮನುಷ್ಯ. ಅವನಿಗೆ ಎದುರು ನಿಂತದ್ದು ಸಾಮಾನಲ್ಲ, ಋತು. ಎಲೆ ಒಡೆಯೋದು ಇವನಿಗಾಗಿ ಕಾಯಲ್ಲವಲ್ಲ. ಆದರೆ ಅದು ಬಣ್ಣ ಕಲಸದೆ ಬರೆಯೋ ವರ್ಣಚಿತ್ರವೇ. ಕಂಪ್ಯೂಟರೇ ಮಾಧ್ಯಮ ಅಂತ ನಾನು ಅನ್ನೋದು ಮೊಲ್ನಾರ್ ಥರದವರ ವಿಷಯದಲ್ಲಿ. ಅವರಿಗೆ ಎದುರು ನಿಲ್ಲೋದು ಏನು ಗೊತ್ತಾ? ನಮಗೆ ಏನು ಬೇಕು ಅನ್ನೋದು ನಮಗೇ ಸರಿಯಾಗಿ ಗೊತ್ತಿಲ್ಲದಿರೋದು. ಏಣಿಗಿಂತ ಜಾಸ್ತಿ ಅಲುಗುತ್ತೆ ಅದು.

— ಮಾತು ಕಲಿತಿದ್ದೀಯ. ನನಗೆ ಅನುಮಾನ ಏನಂದರೆ, ಹೇಳೋಕೆ ಬರದೇ ಇರೋದು ಕೊನೆಗೂ ಹೊರಗೇ ಉಳಿಯುತ್ತೆ. ಬಣ್ಣ ಹೇಳಿಕೊಡು ನೋಡೋಣ ಯಂತ್ರಕ್ಕೆ.

— ಅದನ್ನೇ ಜೀವಮಾನ ಪೂರ್ತಿ ಮಾಡಿದವನೊಬ್ಬ ಇದ್ದ. ಹೆರಾಲ್ಡ್ ಕೊಹೆನ್. ಲಂಡನ್ನಿನ ವರ್ಣಚಿತ್ರಕಾರ, 1966ರ ವೆನಿಸ್ ಬಿಯೆನಾಲೆಗೆ ಬ್ರಿಟನ್ನಿನ ಪರವಾಗಿ ಹೋದವನು. ಹೆಸರು ಬಂದಿತ್ತು, ಮಾರಾಟ ಇತ್ತು. 1968ರಲ್ಲಿ ಸ್ಯಾನ್ ಡಿಯಾಗೋದಲ್ಲಿರೋ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪಾಠ ಹೇಳೋಕೆ ಹೋದವನು ಪ್ರೋಗ್ರಾಮಿಂಗ್ ಹುಚ್ಚು ಹತ್ತಿಸಿಕೊಂಡ. ಆರನ್ ಅಂತ ಒಂದು ಪ್ರೋಗ್ರಾಮ್ ಶುರು ಮಾಡಿದ, 2016ರಲ್ಲಿ ಸಾಯೋವರೆಗೂ ಅದನ್ನ ತಿದ್ದುತ್ತಲೇ ಇದ್ದ. ಮೊದಮೊದಲು ಅದಕ್ಕೆ ಕಲಿಸಿದ್ದು ಬಹಳ ಸಣ್ಣ ವಿಷಯ. ಮುಚ್ಚಿದ ಆಕಾರ ಯಾವುದು, ತೆರೆದ ಗೀಟು ಯಾವುದು, ಒಳಗು ಯಾವುದು, ಹೊರಗು ಯಾವುದು, ಇದಾಗಲೇ ತುಂಬಿದ ಜಾಗವಾ. ಇಷ್ಟರಿಂದಲೇ ಮಕ್ಕಳ ಚಿತ್ರದ ಥರದ, ಗುಹೆ ಗೋಡೆಯ ಚಿತ್ರದ ಥರದ ರೂಪ ಬರ್ತಿದ್ದವು. ನೆಲದ ಮೇಲೆ ಕಾಗದ ಹರಡಿ, ಪೆನ್ನು ಹೊತ್ತ ಸಣ್ಣ ಗಾಡಿಯೊಂದು ಓಡಾಡಿ ಬರೀತಿತ್ತು. ಆಮೇಲೆ ಕಲ್ಲು, ಗಿಡ, ಮನುಷ್ಯರು. ಆದರೆ ಬಣ್ಣ ಮಾತ್ರ ಬಹಳ ವರ್ಷ ಕೊಹೆನ್‌ನೇ ಹಚ್ಚುತ್ತಿದ್ದ.

— ಹೇಳಲಿಲ್ವಾ ನಾನು!

— ತಾಳಿ. ಗೀಟಿನ ವಿಷಯದಲ್ಲಿ ತನಗೆ ಗೊತ್ತಿದ್ದದ್ದನ್ನ ನಿಯಮ ಮಾಡೋಕೆ ಅವನಿಗೆ ಬಂತು. ಬಣ್ಣದ್ದು ಕಷ್ಟ ಆಯ್ತು. ನಾವು ಒಂದು ಬಣ್ಣ ಹಚ್ಚಿ, ಹಿಂದೆ ಸರಿದು ನೋಡಿ, ಪಕ್ಕದ್ದನ್ನ ತೀರ್ಮಾನ ಮಾಡ್ತೀವಿ. ಆ ಪ್ರೋಗ್ರಾಮಿಗೆ ಕಣ್ಣೇ ಇರಲಿಲ್ಲ, ಹಿಂದೆ ಸರಿದು ನೋಡೋದೆಲ್ಲಿ? ಕೊನೆಗೆ ಅವನು ಹಿಡಿದ ದಾರಿ ಏನಂದರೆ ಬಣ್ಣದ ಹೆಸರು ಬಿಟ್ಟು ಮೊದಲು ಬೆಳಕು ಕತ್ತಲೆ ಹಿಡಿಯೋದು, ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು. 1995ರಲ್ಲಿ ಬಾಸ್ಟನ್ನಿನ ಕಂಪ್ಯೂಟರ್ ಮ್ಯೂಸಿಯಮ್ಮಿನಲ್ಲಿ ಆರನ್ ತಾನೇ ಬಣ್ಣ ಬೆರೆಸಿ ಹಚ್ಚಿದ್ದನ್ನ ಜನ ನಿಂತು ನೋಡಿದರು.

— ಬೆಳಕು ಕತ್ತಲೆ ಮೊದಲು, ಬಣ್ಣ ಆಮೇಲೆ. ಅದು ಸರಿಯೇ. ಹಳದಿ ಮೇಲೆ ಬಿಳಿ ಅಕ್ಷರ ಬರೆಯೋ ದಡ್ಡರಿಗೆ ನಾನು ಹೇಳ್ತಿದ್ದದ್ದೂ ಅದನ್ನೇ, ಕಣ್ಣು ಅರ್ಧ ಮುಚ್ಚಿ ನೋಡೋ, ಅಕ್ಷರ ಕಾಣುತ್ತಾ ಅಂತ. ಆದರೂ ಒಳ್ಳೇ ಚಿತ್ರಗಾರ ನಲವತ್ತು ವರ್ಷ ಯಂತ್ರಕ್ಕೆ ಪಾಠ ಹೇಳ್ತಾ ಕೂತ ಅಂದರೆ ನನಗೆ ಹೊಟ್ಟೆ ಉರಿಯುತ್ತೆ. ಅಷ್ಟು ಹೊತ್ತಿಗೆ ಎಷ್ಟು ಚಿತ್ರ ಬರೀತಿದ್ದ.

— ನನಗೂ ಒಮ್ಮೊಮ್ಮೆ ಹಾಗೆ ಅನ್ಸುತ್ತೆ. ಆದರೆ ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಚಿತ್ರ ಅಲ್ಲ. ಗೀಟು ಯಾವ ಘಳಿಗೇಲಿ ಚಿತ್ರ ಆಗುತ್ತೆ ಅಂತ ತಿಳಿಯೋದು. ಇರಲಿ. ನಮ್ಮ ಕಡೆಯದೊಂದು ಹೇಳ್ತೀನಿ. 1974ರಲ್ಲಿ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಅಂತ ಮದ್ರಾಸಿನವರು ಕೋಲಂ ಬಗ್ಗೆ ಒಂದು ಲೇಖನ ಬರೆದರು. ಮಾತಿಗೆ ವ್ಯಾಕರಣ ಇರೋ ಹಾಗೆ ಚುಕ್ಕಿ ಸುತ್ತೋ ಎಳೆಗೂ ವ್ಯಾಕರಣ ಬರೆಯಬಹುದು, ಸಣ್ಣ ಕೋಲಮ್ಮಿನಿಂದ ದೊಡ್ಡದು ಬೆಳೆಯೋದನ್ನ ನಿಯಮದಲ್ಲಿ ಹೇಳಬಹುದು ಅಂತ. ಕಂಪ್ಯೂಟರ್ ಗ್ರಾಫಿಕ್ಸಿನ ವಿದೇಶಿ ಪತ್ರಿಕೇಲಿ ಅಚ್ಚಾಯ್ತು. ಆಮೇಲೆ ಗಿಡ ಬೆಳೆಯೋದನ್ನ ಕಂಪ್ಯೂಟರಿನಲ್ಲಿ ಬರೀತಿದ್ದ ವಿಜ್ಞಾನಿಗಳು ತಮ್ಮ ಗಿಡದ ನಿಯಮಗಳಲ್ಲೇ ಕೃಷ್ಣನ ಗೆಜ್ಜೆ ಅನ್ನೋ ಕೋಲಂ ಬರೆದು ತೋರಿಸಿದರು.

— ನಿಮ್ಮಮ್ಮ ದಿನಾ ಬಾಗಿಲಲ್ಲಿ ಇಡೋದನ್ನ ಇವರು ವಿದೇಶಿ ಪತ್ರಿಕೇಲಿ ಇಟ್ಟರು.

— ಅಮ್ಮನ ರಂಗೋಲಿಗಿಂತ ಅತ್ತೆಯ ಕಸೂತಿ ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ. ನನ್ನ ಪ್ಲಾಟರ್ ಇದೆಯಲ್ಲ, ಆ ಪೆನ್ನಿನ ಯಂತ್ರ, ಅದರ ದೊಡ್ಡ ತಲೆನೋವು ಪೆನ್ನು ಎತ್ತೋದು. ಪ್ರತಿ ಸಲ ಎತ್ತಿ ಇಟ್ಟಾಗಲೂ ಒಂದು ಶಾಯಿ ಚುಕ್ಕೆ, ಹೊತ್ತೂ ದಂಡ. ಎತ್ತದೆ, ಎಳೆದ ಗೀಟನ್ನೇ ಮತ್ತೆ ಎಳೆಯದೆ ಇಡೀ ಚಿತ್ರ ಮುಗಿಸಬಹುದಾ ಅನ್ನೋದು ಗಣಿತದ ಹಳೇ ಪ್ರಶ್ನೆ. ಬೆಸ ಸಂಖ್ಯೆಯ ಗೀಟು ಕೂಡೋ ಸಂಧಿಗಳು ಎರಡಕ್ಕಿಂತ ಹೆಚ್ಚಿದ್ದರೆ ಆಗಲ್ಲ ಅಂತ ಆಯ್ಲರ್ ಹದಿನೆಂಟನೇ ಶತಮಾನದಲ್ಲೇ ತೋರಿಸಿಬಿಟ್ಟ. ಈಗ ಅತ್ತೆಯ ಗವಂತಿ ಹೊಲಿಗೆ ನೋಡಿ. ಎಳೆ ಎಣಿಸಿ ಒಂದು ಬಿಟ್ಟು ಒಂದು ಹೊಲೀತಾ ಹೋಗ್ತಾರೆ, ಬಿಟ್ಟದ್ದನ್ನ ತುಂಬ್ತಾ ಅದೇ ದಾರೀಲಿ ವಾಪಸ್ ಬರ್ತಾರೆ. ಕವಲು ಸಿಕ್ಕರೆ ಅದರೊಳಗೆ ಹೋಗಿ ಬರ್ತಾರೆ. ಹೊರಟ ಕಡೆಗೇ ಬಂದು ಸೇರ್ತಾರೆ, ಗಂಟಿಲ್ಲ, ಬಟ್ಟೆಯ ಹಿಂದೂ ಮುಂದೂ ಒಂದೇ. ಪ್ರತಿ ಗೀಟಿನ ಮೇಲೂ ಎರಡು ಸಲ ಹೋಗೋದರಿಂದ ಆಯ್ಲರ್‌ನ ಅಡ್ಡಿಯೇ ಅವರಿಗೆ ಅಡ್ಡಿಯಲ್ಲ. ನಾನು ಒಂದು ಚಿತ್ರವನ್ನ ಹಾಗೇ ಬರೆಸಿದೆ. ಹೋಗೋವಾಗ ತುಂಡು ತುಂಡು ಗೀಟು, ಬರೋವಾಗ ನಡುವಿನ ತುಂಡು.

— ತುಂಡು ಗೀಟು ಅಂದಮೇಲೆ ಪೆನ್ನು ಎತ್ತಲೇಬೇಕಲ್ಲೇ. ಸೂಜಿಯಾದರೆ ಬಟ್ಟೆ ಕೆಳಗೆ ಹೋಗಿರುತ್ತೆ. ಪೆನ್ನು ಎಲ್ಲಿಗೆ ಹೋಗುತ್ತೆ?

— ಹೂಂ, ಎತ್ತಬೇಕು. ಲಾಭಕ್ಕೆ ಅಂತ ಮಾಡಿದ್ದಲ್ಲ ಅದು. ಎರಡನೇ ಸಲ ಬರೋ ತುಂಡಿಗೆ ಶಾಯಿ ಬೇರೆ ಹಾಕಿದೆ. ದಾರಿ ಒಂದೇ, ಹೋದದ್ದು ಕೆಂಪು, ಬಂದದ್ದು ಕಪ್ಪು. ಬಟ್ಟೇಲಿ ಕಾಣದೇ ಇರೋ ಅತ್ತೆಯ ಪ್ರಯಾಣ ಕಾಗದದಲ್ಲಿ ಕಾಣುತ್ತೆ.

— ತೋರಿಸು ಅದನ್ನ ಅವಳಿಗೆ, ಏನಂತಾಳೋ ನೋಡೋಣ. ಸರಿ, ಇಷ್ಟೆಲ್ಲಾ ಕಷ್ಟ ಯಾಕೆ ಈಗ? ಮೊಬೈಲಿಗೆ ಬಾಯಲ್ಲಿ ಹೇಳಿದರೆ ಸಾಕು, ಚಿತ್ರ ಬರುತ್ತಂತಲ್ಲ. ಪಕ್ಕದ ಮನೆ ಹುಡುಗ ಗಣಪತೀನ ಬಾಹ್ಯಾಕಾಶಕ್ಕೆ ಕಳಿಸಿದ್ದಾನೆ.

— ಆ ಯಂತ್ರ ಸ್ವಲ್ಪ ಅಂದರೆ ಎಷ್ಟು ಅಂತ ಕೇಳಲ್ಲ ಮಾವ. ನೀವು ಸ್ವಲ್ಪ ಓರೆ ಅಂದರೆ ಅದು ತಾನು ನೋಡಿರೋ ಕೋಟಿಗಟ್ಟಲೆ ಚಿತ್ರಗಳಲ್ಲಿ ಸಾಮಾನ್ಯವಾಗಿ ಎಷ್ಟು ಓರೆ ಇತ್ತೋ ಅಷ್ಟು ಹಾಕಿಬಿಡುತ್ತೆ. 1965ರಿಂದ ನಡೆದುಬಂದದ್ದಕ್ಕೆ ಇದು ತಲೆಕೆಳಗು. ಅಲ್ಲಿ ಯಂತ್ರಕ್ಕೆ ಏನೂ ಗೊತ್ತಿರಲಿಲ್ಲ, ಎಲ್ಲಾ ನಾವೇ ಹೇಳಬೇಕು. ಇಲ್ಲಿ ಅದಕ್ಕೆ ಎಲ್ಲಾ ಗೊತ್ತು, ನಾವು ಬರೀ ಹೂಂ ಅನ್ನಬೇಕು.

— ಕೋಟಿಗಟ್ಟಲೆ ಚಿತ್ರ ಎಲ್ಲಿಂದ ತಂದರು? ನನ್ನ ಬೋರ್ಡಿನ ಫೋಟೋ ಯಾರೋ ತೆಗೆದು ಹಾಕಿದ್ದರೆ ಅದೂ ಒಳಗೆ ಹೋಗಿರುತ್ತಾ?

— ಹೋಗಿರಬಹುದು. ಕೇಳಿದವರಿಲ್ಲ.

— ಸರಿಹೋಯ್ತು. ಇದನ್ನ ಕೇಳು. ಅಂಗಡಿಯವರು ನನ್ನ ಹತ್ತಿರ ಬಂದು ಏನಂತಿದ್ದರು? ಹೆಸರು ಹೇಳೋರು, ಬಣ್ಣ ಎದ್ದು ಕಾಣಬೇಕು ಅನ್ನೋರು, ಒಂದು ಮೂಲೇಲಿ ಲಕ್ಷ್ಮಿ ಇರಲಿ, ಚೆನ್ನಾಗಿ ಮಾಡಿಕೊಡ್ರಿ ಅನ್ನೋರು. ಬೋರ್ಡು ಮೇಲೇರಿದ ಮೇಲೆ ಅದನ್ನ ಬರೆದವನು ಅಂಗಡಿಯವನು ಅಂತ ಯಾರಾದರೂ ಅಂದರಾ? ಈ ಹುಡುಗ ಮೊಬೈಲಿಗೆ ಹೇಳಿದ್ದೂ ಅದೇ. ಅವನು ಗಿರಾಕಿ.

— ಇದನ್ನ ನಾನು ಎಲ್ಲಾದರೂ ಬರೀತೀನಿ. ಆದರೆ ಎಲ್ಲರೂ ಗಿರಾಕಿಗಳಲ್ಲ. ಲಂಡನ್ನಿನ ಆನಾ ರಿಡ್ಲರ್ ಅನ್ನೋ ಕಲಾವಿದೆ 2018ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಹತ್ತು ಸಾವಿರ ಟ್ಯುಲಿಪ್ ಹೂಗಳ ಫೋಟೋ ತಾನೇ ತೆಗೆದಳು. ಪ್ರತಿ ಫೋಟೋ ಕೆಳಗೂ ಅದು ಯಾವ ಬಣ್ಣ, ಎಷ್ಟು ಅರಳಿದೆ, ಗೀರು ಇದೆಯಾ ಅಂತ ಕೈಯಾರೆ ಬರೆದಳು. ಯಂತ್ರಕ್ಕೆ ಕಲಿಸಿದ್ದು ಅಷ್ಟೇ ಹೂ, ಊರವರ ಚಿತ್ರ ಒಂದೂ ಇಲ್ಲ. ಬರೆದ ಚೀಟಿಗಳ ಸಮೇತ ಆ ಫೋಟೋಗಳನ್ನೇ ಗೋಡೆಗೆ ಅಂಟಿಸಿ ಪ್ರದರ್ಶನ ಮಾಡಿದಳು. ಇದು ಬಿಳಿಯಾ ತಿಳಿ ಗುಲಾಬಿಯಾ ಅಂತ ಹತ್ತು ಸಾವಿರ ಸಲ ತೀರ್ಮಾನ ಮಾಡಬೇಕಾಯ್ತಲ್ಲ, ಅಲ್ಲಿದೆ ಅವಳ ಕೆಲಸ.

— ಕೈಯಲ್ಲಿ ಬರೆದಳಾ? ಗಟ್ಟಿಗಿತ್ತಿ. ಈಗ ನೀನು ನನ್ನನ್ನ ಸುಮ್ಮನೆ ಕೂರಿಸಿಕೊಂಡು ಇಷ್ಟು ಹೇಳಿಲ್ಲ, ಏನೋ ಬೇಕಾಗಿದೆ.

— ನಿಮ್ಮ ಅಕ್ಷರ ಬೇಕು. ಜಗ್ಗಿದ ಫಾಂಟ್ ಅಲ್ಲ, ನಿಮ್ಮ ಕೈ. ಅಕ್ಷರದ ನಡುವಿನ ಜಾಗಕ್ಕೆ ನಿಯಮ ಇಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ‘ರ’ ಪಕ್ಕ ‘ಠ’ ಬಂದರೆ?

— ಎರಡೂ ದುಂಡು. ಹತ್ತಿರ ತಳ್ಳಬೇಕು.

— ಎಷ್ಟು?

— ಬ್ರಷ್ಷಿನ ಅಗಲದ ಅರ್ಧ. ಅರ್ಧಕ್ಕಿಂತ ಒಂಚೂರು ಕಡಿಮೆ. ಬರ್ಕೋಬೇಡ, ತಾಳು. ‘ಠ’ ಮೇಲೆ ಗುಡಿಸು ಬಂದರೆ ಲೆಕ್ಕ ಬೇರೆ. ಅದು ಪಕ್ಕದ ತಲೆಕಟ್ಟಿಗೆ ಮುಟ್ಟಬಾರದು. ಕೆಳಗೆ ಒತ್ತು ಇದ್ದರೆ ಇನ್ನೂ ಬೇರೆ. ಮತ್ತೆ ನಿನ್ನ ಯಂತ್ರದ ಈ ಪೆನ್ನಿನಲ್ಲಿ ನನ್ನ ಅಕ್ಷರ ಬರಲ್ಲ. ಗೀಟು ಎಲ್ಲಾ ಕಡೆ ಒಂದೇ ದಪ್ಪ ಬರುತ್ತೆ. ಇದಕ್ಕೆ ಫ್ಲಾಟ್ ಬ್ರಷ್ ಕಟ್ಟೋಕಾಗುತ್ತಾ?

— ಕಟ್ಟಬಹುದು. ಬ್ರಷ್ ತಿರುಗಿಸೋಕೆ ಇನ್ನೊಂದು ಮೋಟರ್ ಹಾಕಬೇಕು, ಅಷ್ಟೇ. ಆದರೆ ಎಷ್ಟು ಉದ್ದ ಎಳೆದ ಮೇಲೆ ಮತ್ತೆ ಬಣ್ಣಕ್ಕೆ ಅದ್ದಬೇಕು ಅಂತ ಹೇಳಿ, ಸೆಂಟಿಮೀಟರಿನಲ್ಲಿ.

— ಅದು ಹೇಗೆ ಹೇಳೋದು? ಬಿಸಿಲು ಎಷ್ಟಿದೆ ನೋಡಬೇಕು.

— ಬಿಸಿಲನ್ನೂ ಅಳೆಯೋಣ. ಹೇಳಿ.

— ಮೊದಲು ಒಂದು ಹಾಳೆ ಕೊಡು. ಹಾಳೆ ಬೇಡ, ತಗಡು ತಾ. ಕಾಗದ ಬಣ್ಣ ಹೀರುತ್ತೆ, ಲೆಕ್ಕ ತಪ್ಪುತ್ತೆ.